ಮುರ್ಶಿದಾಳ ಹಾಲು

ಬಚ್ಚಲಿನ ನಲ್ಲಿಯನ್ನು ಸಣ್ಣಗೆ ಬಿಟ್ಟುಕೊಂಡು ಮುರ್ಶಿದಾ ಎದೆಹಾಲನ್ನು ಹಿಂಡಿ ಚೆಲ್ಲುತ್ತಿದ್ದಳು. ತುಟಿ ಕಚ್ಚಿಕೊಂಡಿದ್ದಳು. ಚೆಲ್ಲದಿದ್ದರೆ ಎದೆ ಕಲ್ಲಾಗುತ್ತಿತ್ತು. ಪಕ್ಕದ ಕೋಣೆಯಲ್ಲಿ ಅವಳ ಮಗ ಝಿಯಾದ್ ನಾದಿನಿ ಸಮೀಹಾಳ ಮಡಿಲಲ್ಲಿ ಚಪ್ಪರಿಸಿ ಕುಡಿಯುವ ಸದ್ದು ನೀರಿನ ಸದ್ದನ್ನೂ ದಾಟಿ ಬರುತ್ತಿತ್ತು.

ಹೋದ ಶುಕ್ರವಾರದವರೆಗೆ ಎಲ್ಲ ಸರಿಯಿತ್ತು. ಆರೋಗ್ಯವಂತ ತಾಯಂದಿರ ಹಾಲಿನಲ್ಲಿ ಎಂತೆಂಥ ಬ್ಯಾಕ್ಟೀರಿಯಾ ಇರುತ್ತವೆಂದು ಅಧ್ಯಯನ ಮಾಡುವ ತೃಪ್ತಿ, ಮಣಿಪಾಲದಿಂದ ಕಾಪುವಿನ ಈ ಮನೆಗೆ ಬಂದು ಸಣ್ಣ ಬಾಟಲಿಯಲ್ಲಿ ಅವಳ ಹಾಲು ಒಯ್ದಿದ್ದಳು. ಶುಕ್ರವಾರ ಫೋನ್ ಮಾಡಿ, "ನಿಮ್ಮ ಹಾಲಲ್ಲಿ ತುಂಬಾ ಬ್ಯಾಕ್ಟೀರಿಯಾ ಸಿಕ್ಕಿದೆ ಮುರ್ಶಿದಾ!" ಎಂದು ಸಂತೋಷದಿಂದ ಹೇಳಿದಳು. ಮೀನು ಕೊಯ್ಯುತ್ತಿದ್ದ ಮುರ್ಶಿದಾ ಫೋನನ್ನು ಸ್ಪೀಕರಿಗೆ ಹಾಕಿದ್ದಳು. ಅತ್ತೆ ಜಮೀಲಾ ಒಲೆಯ ಮುಂದೆಯೇ ಇದ್ದರು. ಸಂಜೆಯೊಳಗೆ ಮಗು ಸಮೀಹಾಳ ಕೈಗೆ ಹೋಯಿತು; ಬಾಣಂತನಕ್ಕೆಂದು ತವರಿಗೆ ಬಂದಿದ್ದ ಅವಳಿಗೆ ಹಾಲು ಧಾರಾಳವಿತ್ತು. ದುಬಾಯಿಯಲ್ಲಿದ್ದ ಗಂಡ ಬಶೀರ್, "ಉಮ್ಮ ಹೇಳಿದ ಹಾಗೆ ಮಾಡು ಮಾರಾಯ್ತಿ" ಎಂದು ಫೋನಿಟ್ಟಿದ್ದ.

ಇವತ್ತು ತೃಪ್ತಿ ಇನ್ನೊಮ್ಮೆ ಹಾಲು ಒಯ್ಯಲು ಬರುವವಳಿದ್ದಳು. ಅದಕ್ಕೆಂದೇ ಮುರ್ಶಿದಾ ಒಂದು ಎದೆಯನ್ನು ಹಿಂಡದೆ ಉಳಿಸಿಕೊಂಡಳು. ಓದಿದವಳು ಒಂದು ಮಾತು ಹೇಳಿದರೆ ಮಗು ವಾಪಸು ಬರುತ್ತದೆ ಎಂದು ನಂಬಿದ್ದಳು.

ತೃಪ್ತಿ ಹೇಳಿದಳು ಕೂಡ. "ಅದು ಒಳ್ಳೆಯ ಬ್ಯಾಕ್ಟೀರಿಯಾ ಅಮ್ಮ. ಮೊಸರಲ್ಲಿ ಇರ್ತದಲ್ಲ, ಹಾಗೆ."

"ಮೊಸರಾ?" ಜಮೀಲಾ ಒಳಗೆ ಮುಖ ಮಾಡಿ ಕೂಗಿದರು. "ಕೇಳಿದೆಯಾ ಸಮೀಹಾ, ಇವಳದ್ದು ಒಳಗೇ ಹುಳಿ ಆಗುದಂತೆ!"

ಕೋಣೆಯಿಂದ ನಗು ಬಂತು.

"ಎಲ್ಲ ತಾಯಂದಿರ ಹಾಲಲ್ಲೂ ಉಂಟು ಅಮ್ಮ."

"ನನ್ನ ಮಗಳದ್ದರಲ್ಲಿ ಉಂಟಾ? ನೀವು ನೋಡಿದ್ದೀರಾ?"

"ಅವರದ್ದು ನಾವು ಪರೀಕ್ಷೆ ಮಾಡ್ಲಿಲ್ಲ."

"ನೋಡದ್ದನ್ನು ಮತ್ತೆ ಯಾಕೆ ಹೇಳುದು?" ಜಮೀಲಾ ಶರಬತ್ತಿನ ಲೋಟ ಮುಂದಿಟ್ಟರು. "ಈಗ ಹೇಳಿಯೂ ಪ್ರಯೋಜನ ಇಲ್ಲ. ನಮ್ಮಲ್ಲಿ ಹಾಲು ಕೊಟ್ಟವಳೂ ಹೆತ್ತ ಉಮ್ಮನ ಹಾಗೆಯೇ. ಸಮೀಹಾಳ ಮಗಳಿಗೆ ಇವನು ಅಣ್ಣ ಆಗಿ ಆಯಿತು, ಇನ್ನು ಅವರೊಳಗೆ ನಿಕಾಹ್ ಸಹ ಆಗುದಿಲ್ಲ. ಹೆತ್ತವಳಿಗೆ ಒಗೆಯಲಿಕ್ಕೆ ಬಟ್ಟೆ ಉಂಟಲ್ಲ, ಸಾಕು."

ತೃಪ್ತಿ ಮುರ್ಶಿದಾಳ ಕಡೆ ತಿರುಗಿದಳು. "ನೀವು ಈಗ ಕುಡಿಸುದೇ ಇಲ್ವಾ?"

ಮುರ್ಶಿದಾ ಇಲ್ಲವೆಂದು ತಲೆಯಾಡಿಸಿದಳು. ಈಗ ತೃಪ್ತಿ ಅತ್ತೆಯನ್ನು ಗದರುತ್ತಾಳೆ ಎಂದುಕೊಂಡಳು.

"ಅಯ್ಯೋ, ಮೊದಲೇ ಹೇಳ್ಬಾರ್ದಿತ್ತಾ! ಮಗುವಿಗೆ ಕುಡಿಸುವವರದ್ದು ಮಾತ್ರ ನಮಗೆ ಆಗುದು."

ತೃಪ್ತಿ ಐಸ್ ಪೆಟ್ಟಿಗೆಯ ಮುಚ್ಚಳ ಹಾಕಿದಳು. ಕಾರ್ಕಳದಲ್ಲಿ ಇನ್ನೊಬ್ಬಳು ಕಾಯುತ್ತಿದ್ದಾಳೆಂದು ಶರಬತ್ತನ್ನು ಅರ್ಧಕ್ಕೇ ಬಿಟ್ಟು ಎದ್ದಳು. ಜಮೀಲಾ ಗೇಟಿನವರೆಗೆ ಹೋಗಿ ನಗುನಗುತ್ತ ಕಳಿಸಿಕೊಟ್ಟರು.

ಒಳಗೆ ಝಿಯಾದ್ ಅತ್ತ. ಅಳು ಕಿವಿಗೆ ಬಿದ್ದದ್ದೇ ತಡ, ಮುರ್ಶಿದಾಳ ನೈಟಿಯ ಎದೆ ಒದ್ದೆಯಾಯಿತು. ಕೋಣೆಯ ಬಾಗಿಲಿಗೆ ಹೋದಳು. ಒಳಗಿನಿಂದ ಚಿಲಕ ಹಾಕಿತ್ತು.

"ಸಮೀಹಾ, ಅವನನ್ನು ಒಮ್ಮೆ ಕೊಡು. ಎತ್ತಿಕೊಳ್ಳುದು ಮಾತ್ರ, ಕುಡಿಸುದಿಲ್ಲ."