ಬಸ್ಸು ತಿಂದ ನೆರಳು

ಯುದ್ಧದ ಕಾಲ. ಪೆಟ್ರೋಲು ಸಿಗದೆ ನಮ್ಮ ಕಡೆಯ ಬಸ್ಸುಗಳು ಇದ್ದಿಲು ತಿನ್ನಲು ಕಲಿತಿದ್ದವು. ಬೆನ್ನಿಗೆ ಹಂಡೆಯಂಥ ಒಲೆ ಕಟ್ಟಿಕೊಂಡು, ಕೆಮ್ಮುತ್ತ ಕೆಮ್ಮುತ್ತ ಗಂಗೊಳ್ಳಿ ಕಡೆಯಿಂದ ಶಿರೂರಿಗೆ ಓಡುತ್ತಿದ್ದವು. ಕುಂದಾಪುರ ಪೇಟೆ ಬೆಳೆದ ಹಾಗೆ ಅಲ್ಲಿನ ಹೋಟೆಲು ಒಲೆಗಳಿಗೆ ನಮ್ಮ ಗುಡ್ಡದ ತಲೆ ಆಗಲೇ ಬೋಳಾಗಿತ್ತು. ಬೈಂದೂರು ದಾಟಿದರೆ, ರಸ್ತೆಬದಿಯ ಸರಕಾರಿ ಮರ ಬಿಟ್ಟು, ಮರವೆಂದು ಹೇಳಿಕೊಳ್ಳಲು ಉಳಿದದ್ದು ಮಂಜಯ್ಯ ಶೆಟ್ಟರ ಗೇಟಿನೆದುರಿನ ಕಾಟುಮಾವು. ಅದರಡಿ ಅಮ್ಮಣ್ಣಿಯ ಚಾ ಗೂಡಂಗಡಿ. ಗಂಡ ಸತ್ತ ಮೇಲೆ ಅವಳ ಮನೆ ನಡೆಯುತ್ತಿದ್ದದ್ದು ಅದರಿಂದಲೇ.

ಅಲ್ಲಿ ಎತ್ತಿನ ಗಾಡಿಗಳು ನಿಲ್ಲುತ್ತಿದ್ದವು, ಬಸ್ಸು ನಿಲ್ಲುತ್ತಿರಲಿಲ್ಲ. ಶೆಟ್ಟರ ಹೊಟ್ಟೆಯುರಿ ಅದೇ. ಕುಂದಾಪುರದ ಬೀಗರ ಬಾಗಿಲಲ್ಲಿ ಬಸ್ಸು ನಿಲ್ಲುತ್ತದೆ. ತಮ್ಮ ಗೇಟಿಗೂ ನಿಂತರೆ ಊರು ಪೇಟೆಯಾದಂತೆ. ಬಸ್ಸಿನ ಏಜೆಂಟ ಮಹಾಲಿಂಗ ಬಂದವನು ಮರವನ್ನು ಬುಡದಿಂದ ತುದಿಯವರೆಗೆ ನೋಡಿ, ಇದನ್ನು ಇದ್ದಿಲಿಗೆ ಕೊಟ್ಟರೆ ನಿಲ್ಲಿಸೋಣ ಎಂದ.

ಅಮ್ಮಣ್ಣಿ ಬೇಡವೆನ್ನಲು ಹೋದಳು. ಬಸ್ಸು ಬಂದರೆ ನಿನ್ನ ಚಾ ದುಪ್ಪಟ್ಟು ಹೋಗುತ್ತದೆಂದು ಶೆಟ್ಟರು ಸಮಾಧಾನ ಹೇಳಿದರು.

"ಹೋತ್ತ್ ಶೆಟ್ರೇ, ಹೋತ್ತ್. ಮರ ಹೋರೆ ಒಲೆಯೂ ಬ್ಯಾಡ, ಬಿಸ್ಲಲ್ಲೇ ಚಾ ಕುದಿತ್ತ್."

ಮರ ಬಿತ್ತು. ಮೂರು ತಲೆಮಾರಿಗೆ ಉಪ್ಪಿನಕಾಯಿ ಕೊಟ್ಟದ್ದು, ಮಳೆಗಾಲ ಹಿಡಿಯುವ ಮೊದಲೇ ಹೊಗೆಯಾಗಿ ಶಿರೂರು ನೋಡಿತು.

ಬಸ್ಸು ನಿಂತದ್ದೂ ಹೌದು. ಆದರೆ ಇದ್ದಿಲು ಬಸ್ಸು ನಿಂತಲ್ಲೆಲ್ಲ ಬೂದಿ ಕೆರೆದು, ಹ್ಯಾಂಡಲು ತಿರುಗಿಸಿ ಗಾಳಿ ಹೊಡೆದು ಬೆಂಕಿ ಎಬ್ಬಿಸಬೇಕು. ನೆತ್ತಿಗೆ ಬಿಸಿಲು, ಮೋರೆಗೆ ಒಲೆ. ಡ್ರೈವರ ಗೋವರ್ಧನ ವಾರದೊಳಗೆ ಸುಟ್ಟ ಗೇರುಬೀಜದಂತಾದ. ಆ ಬಿಸಿಲಿಗೆ ಚಾ ಕುಡಿಯಲು ಯಾರೂ ಇಳಿಯಲಿಲ್ಲ. ಗಾಡಿಯವರೂ ನಿಲ್ಲದಾದರು. ಅಮ್ಮಣ್ಣಿ ಗೂಡಂಗಡಿ ಹೊರಿಸಿಕೊಂಡು ಮುಂದಿನ ತಿರುವಿನ ಧೂಪದ ಮರದಡಿಗೆ ಹೋದಳು. ಅದು ಸರಕಾರದ ಮರ, ಕಾಂಡದ ಮೇಲೆ ನಂಬರು ಬರೆದಿತ್ತು.

ಮಾರನೆಯ ದಿನ ಗೋವರ್ಧನ ಶೆಟ್ಟರ ಗೇಟಿಗೆ ಮರ್ಯಾದೆಗೊಂದು ಹಾರನ್ನು ಹೊಡೆದು, ಮುಂದೆ ಹೋಗಿ ಆ ತಿರುವಿನಲ್ಲಿ ನಿಂತ. ಏಜೆಂಟ ಬೈದದ್ದಕ್ಕೆ, ಈ ಊರಲ್ಲಿ ನಿಲ್ಲಿಸೆಂದಿರಿ, ನಿಲ್ಲಿಸಿದ್ದೇನೆ. ಗೇಟಿನೆದುರೇ ಆಗಬೇಕಾದರೆ ಬೆಂಕಿ ಊದಲು ನೀವೇ ಬನ್ನಿ ಎಂದನಂತೆ.

ಬೀಗರ ಮನೆಗೆ ಹೊರಟ ದಿನ ಶೆಟ್ಟರೂ ಜರಿ ಶಾಲು ಹೊದ್ದು ಬೆವರುತ್ತ ಅಲ್ಲಿಗೇ ನಡೆದು ಬಂದರು. ಅಲ್ಲಿ ನಿಂತು, ಅಂದು ಏಜೆಂಟ ನೋಡಿದಂತೆಯೇ ಅವರೂ ಮರವನ್ನು ಬುಡದಿಂದ ತುದಿಯವರೆಗೆ ನೋಡತೊಡಗಿದರು.

"ಹ್ವಾಯ್ ಶೆಟ್ರೇ, ಮೇಲ್ ಕಾಂಬುದ್ ಬ್ಯಾಡ," ಎಂದಳು ಅಮ್ಮಣ್ಣಿ. "ಇದ್ ನಿಮ್ದಲ್ಲ. ಸುಮ್ನೆ ಅಡೀಲ್ ಕೂಕಣಿ, ಚಾ ಕೊಡ್ತೆ."

ಶೆಟ್ಟರು ಕೂತರು. ಬಸ್ಸು ಬಂದಾಗ ಬೆಂಕಿ ಏಳುವುದು ತಡವಾಯಿತು. ಅವರು ಇನ್ನೊಂದು ಚಾ ಹೇಳಿದರು.