ಗಂಟೆ ಮುಗಿಯುವವರೆಗೆ

"ಒಂದೇ ಒಂದು ಫೋಟೋನೂ ಇಲ್ವಾ ಈ ಮನುಷ್ಯಂದು?"

ಖಾಲಿ ಕೋಣೆಯನ್ನು ಕೇಳುತ್ತ ಕ್ಯಾಟಲಾಗಿನವಳು ಮೂರನೆಯ ಡ್ರಾಯರನ್ನೂ ಮೇಜಿನ ಮೇಲೆ ಬೋರಲು ಹಾಕಿದಳು. ಹತ್ತಿ, ಸ್ಪಿರಿಟ್ ಬಾಟಲಿ, ಹರಿದ ಟೇಪು ಅಂಟಿಸುವ ಪಟ್ಟಿ, ಹಲ್ಲು ಮುರಿದ ಬಾಚಣಿಗೆ. ಹನ್ನೊಂದಕ್ಕೆ ಚಿತಾಗಾರದ ಗಾಡಿ ಬರುತ್ತದೆ, ಅಷ್ಟರೊಳಗೆ ತಲೆಯ ಬಳಿ ಇಡಲು ಒಂದು ಫೋಟೋ ಬೇಕು ಎಂದು ಅವರ ಹೆಂಡತಿ, ಕಚೇರಿಯವರಿಗೆಲ್ಲ ಅತ್ತಿಗೆ, ಫೋನು ಮಾಡಿದ್ದರು.

ಸತ್ತವರು ಆ ಧ್ವನಿ ಸಂಗ್ರಹಾಲಯದಲ್ಲಿ ಇಪ್ಪತ್ತೊಂಬತ್ತು ವರ್ಷ ದುಡಿದಿದ್ದರು. ಹಳೆಯ ಟೇಪುಗಳನ್ನು ಒಂದೊಂದಾಗಿ ಕಂಪ್ಯೂಟರಿಗೆ ಇಳಿಸಿ, ಯಾರ ದನಿ, ಎಲ್ಲಿಯದು, ಯಾವ ಪದ್ಯ ಎಂದು ಸಂಶೋಧಕರಿಗಾಗಿ ಬರೆದಿಡುವ ಕೆಲಸ. ಒಂದು ಗಂಟೆಯ ಟೇಪು ಇಳಿಸಲು ಒಂದು ಗಂಟೆಯೇ ಬೇಕು. ಅವಸರ ಮಾಡುವಂತಿಲ್ಲ, ಕೂತು ಕೇಳಬೇಕು. ಹಾಗೆ ಒಂಬತ್ತು ಸಾವಿರ ಟೇಪು ಕೇಳಿದ್ದರು. ಕಚೇರಿಗೆಲ್ಲ ಅವರು ಕಿವಿಯಣ್ಣ.

ಡ್ರಾಯರಿನ ತಳಕ್ಕೆ ಹಾಸಿದ್ದ ಕಾಗದದಡಿಯಲ್ಲಿ ಒಂದು ಲಕೋಟೆ ಸಿಕ್ಕಿತು. ಫೋಟೋ ಇರಬಹುದೆಂದು ತೆರೆದಳು. ಒಳಗಿದ್ದುದು ಹಳದಿಗಟ್ಟಿದ ಚೀಟಿ, ಧ್ವನಿ ಮುದ್ರಿಸಿಕೊಂಡವರು ಟೇಪಿನ ಡಬ್ಬಿಯಲ್ಲಿ ಇಟ್ಟುಹೋಗುವಂಥದ್ದು. ಪದ್ಯ ಹೇಳಿದ ಹೆಂಗಸಿನ ಹೆಸರು. ಅದರ ಕೆಳಗೆ, 'ಶಾಲೆಯ ಕಸ ಗುಡಿಸುವಾಕೆ. ಶಾಲೆಯ ಕೋಣೆಯಲ್ಲೇ ಮುದ್ರಿಸಿದ್ದು.' ಮೂಲೆಯಲ್ಲಿ ಟೇಪಿನ ನಂಬರು.

ಆ ನಂಬರು ಅವಳಿಗೆ ಬಾಯಿಪಾಠ. ತಿಂಗಳಿಗೊಮ್ಮೆ ತನ್ನ ತಾಯಿಯ ದನಿ ಕೇಳಲು ಬರುವ ಹೆಡ್‌ಫೋನ್ ಅಜ್ಜಿಯ ಟೇಪು. ಆದರೆ ಚೀಟಿಯಲ್ಲಿದ್ದ ಹೆಸರು ಅಜ್ಜಿಯ ತಾಯಿಯದಲ್ಲ.

ಅವಳು ಕಂಪ್ಯೂಟರು ಹಚ್ಚಿ ಆ ಟೇಪಿನ ದಾಖಲೆ ತೆಗೆದಳು. ಯಾರು, ಯಾವಾಗ ಕೈಹಾಕಿದರು ಎಂಬ ಲೆಕ್ಕವನ್ನು ಯಂತ್ರ ತಾನಾಗಿಯೇ ಇಟ್ಟುಕೊಂಡಿರುತ್ತದೆ. ಕಿವಿಯಣ್ಣನ ಹೆಸರಿನ ಮುಂದೆ: ತಿದ್ದಲು ತೆರೆಯಲಾಗಿದೆ, ಉಳಿಸದೆ ಮುಚ್ಚಲಾಗಿದೆ. ಪ್ರತಿ ತಿಂಗಳ ಮೊದಲ ಸೋಮವಾರ, ಆರು ವರ್ಷ, ಅದೇ ಸಾಲು ಕೆಳಗೆ ಕೆಳಗೆ ಇಳಿಯುತ್ತ ಹೋಗಿತ್ತು. ಮೊದಲ ಸೋಮವಾರ ಅಜ್ಜಿ ಬರುವ ದಿನ.

ಚೀಟಿಯ ಹೆಸರನ್ನು ಇಡೀ ಸಂಗ್ರಹದಲ್ಲಿ ಹುಡುಕಿಸಿದಳು. ಯಂತ್ರ ಎರಡು ಕ್ಷಣ ಯೋಚಿಸಿ ಸೊನ್ನೆ ತೋರಿಸಿತು.

*

ಹನ್ನೊಂದು ವರ್ಷದ ಹಿಂದೆ ಅಜ್ಜಿ ಬಂದದ್ದು ಮೊಮ್ಮಗಳ ಜೊತೆಗೆ. ಮೊಮ್ಮಗಳಿಗೆ ಯಾವುದೋ ಪ್ರಬಂಧಕ್ಕೆ ಹಳೆಯ ಭಾಷಣ ಬೇಕಿತ್ತು. ಇಕ್ಕಟ್ಟಾದ ಪಡಸಾಲೆಯಲ್ಲಿ ಕಾಯುತ್ತ ಕೂತಿದ್ದ ಅಜ್ಜಿ ಇದ್ದಕ್ಕಿದ್ದಂತೆ ಎದ್ದು ಬಂದು ಕಿವಿಯಣ್ಣನ ಬಾಗಿಲು ಹಿಡಿದು ನಿಂತಳು. ಒಳಗೆ ಸ್ಪೀಕರಿನಲ್ಲಿ ಒಂದು ಹೆಣ್ಣುದನಿ, ಮಗು ನಿದ್ದೆಹೋದ ಮೇಲೂ ತೊಟ್ಟಿಲು ತೂಗುತ್ತಲೇ ಇರುವ ತಾಯಿಯ ಪದ್ಯ ಹೇಳುತ್ತಿತ್ತು.

"ಇದು ನಮ್ಮಮ್ಮ," ಅಂದಳು.

"ಏನು ಆಧಾರದ ಮೇಲೆ ಹೇಳ್ತೀರಮ್ಮಾ?"

"ಅಮ್ಮನ ದನಿಗೂ ಆಧಾರ ಕೇಳ್ತಾರೇನಪ್ಪಾ? ನಂಗೆ ಆರು ವರ್ಷ ಆಗಿದ್ದಾಗ ತೀರಿಹೋದ್ಳು. ಹೊಸ್ತಿಲು ದಾಟಿದೋಳಲ್ಲ. ಒಂದು ಚಿತ್ರ ಇಲ್ಲ, ಒಂದು ಚೂರು ಬಟ್ಟೆ ಇಲ್ಲ. ಇದೊಂದು ಪದ್ಯ ಇದೆ."

ದಾಖಲೆಯಲ್ಲಿ ಆಗ 'ಹೇಳಿದವರು: ತಿಳಿದುಬಂದಿಲ್ಲ' ಎಂದಿತ್ತು. ಕ್ಯಾಟಲಾಗಿನವಳು ಕೆಲಸಕ್ಕೆ ಸೇರಿದ ಮೊದಲ ದಿನವೇ ಕಿವಿಯಣ್ಣ ಹೇಳಿಕೊಟ್ಟಿದ್ದರು, "ಕೇಳಿದ್ದು ಬರಿ ತಂಗಿ, ಅಂದುಕೊಂಡದ್ದು ಬರೀಬೇಡ." ಅಂಥವರು ಅವತ್ತು ತಮ್ಮ ಹೆಡ್‌ಫೋನು ತೆಗೆದು, ಅಜ್ಜಿಯ ನರೆಗೂದಲು ಸಿಕ್ಕಿಕೊಳ್ಳದ ಹಾಗೆ ಮೆಲ್ಲಗೆ ಅವಳ ತಲೆಗೆ ಹಾಕಿದರು. ಟೇಪನ್ನು ಮೊದಲಿನಿಂದ ಹಚ್ಚಿದರು.

ಪದ್ಯದ ನಡುವೆ ಒಂದು ಕಡೆ ಎಲ್ಲೋ ಹತ್ತಿರದಲ್ಲಿ ಶಾಲೆಯ ಗಂಟೆ ಬಾರಿಸುತ್ತದೆ. ಹೇಳುವಾಕೆ ನಿಲ್ಲಿಸುತ್ತಾಳೆ. ಗಂಟೆ ಪೂರ್ತಿ ಮುಗಿದ ಮೇಲೆ ಬಿಟ್ಟ ಅಕ್ಷರದಿಂದಲೇ ಎತ್ತಿಕೊಳ್ಳುತ್ತಾಳೆ. ಅಷ್ಟು ಹೊತ್ತೂ ಅಜ್ಜಿ ಉಸಿರು ಹಿಡಿದು ಕೂತಿದ್ದಳು.

ಕಿವಿಯಣ್ಣ ಅವಳನ್ನು ತಾಯಿಯ ಹೆಸರು ಕೇಳಿದರು. ಕೀಲಿಮಣೆಯ ಕಡೆ ತಿರುಗಿ ಅದನ್ನು ಬರೆದರು.

ಸಂಜೆ ಬೀಗ ಹಾಕುವಾಗ ಕ್ಯಾಟಲಾಗಿನವಳು ಕೇಳಿದ್ದಳು, "ಹೊಸ್ತಿಲು ದಾಟದೋರ ಟೇಪಲ್ಲಿ ಶಾಲೆ ಗಂಟೆ ಅಷ್ಟು ಹತ್ತಿರ ಹೆಂಗಣ್ಣಾ? ಕೇಳ್ಲಿಲ್ವಾ ನಿಮಗೆ?"

"ಕೇಳ್ತು."

ಅವರು ಬೀಗ ಎಳೆದು ನೋಡಿ ಮೆಟ್ಟಿಲಿಳಿದರು. ಅವಳು ಕೆದಕಲಿಲ್ಲ.

*

ಮನೆಯ ನಡುಕೋಣೆಯಲ್ಲಿ ಬಿಳಿ ಹೊದಿಕೆಯಡಿ ಕಿವಿಯಣ್ಣ ಮಲಗಿದ್ದರು. ಕ್ಯಾಟಲಾಗಿನವಳು ಅವರ ಕಚೇರಿಯ ಗುರುತಿನ ಚೀಟಿಯ ಮುಖವನ್ನೇ ದೊಡ್ಡದು ಮಾಡಿಸಿ ತಂದಿದ್ದಳು. ಮೊಹರಿನ ಅರ್ಧ ಗುಂಡು ಗದ್ದದ ಮೇಲೆ ಬಂದಿತ್ತು.

"ಟೇಪಲ್ಲಿ ಇರುವೆ ನಡೆದ್ರೂ ಕೇಳಿಸೋದು ಅಣ್ಣಂಗೆ," ಕಚೇರಿಯ ಕಂಪ್ಯೂಟರ್ ಸರ್ವರು ನೋಡಿಕೊಳ್ಳುವವನು ಕಣ್ಣೊರೆಸಿಕೊಂಡ. "ನಾನು ಹಿಂದೆ ನಿಂತು ಗಂಟಲು ಹರಕೊಂಡ್ರೂ ತಿರುಗ್ತಾ ಇರ್ಲಿಲ್ಲ."

"ನಿಂಗೊಬ್ಬಂಗೇನಾ?" ಅಂದರು ಅತ್ತಿಗೆ. "ಊಟಕ್ಕೆ ಬನ್ನಿ ಅಂತ ನಾನು ಮೂವತ್ತು ವರ್ಷ ಕೂಗಿದೀನಪ್ಪಾ. ಇವತ್ತು ಕೂಗಿಲ್ಲ, ಅಷ್ಟೇ." ನಗಲು ಹೋದ ಬಾಯಿ ಅರ್ಧದಲ್ಲೇ ಸೊಟ್ಟಗಾಯಿತು. ಆಮೇಲೆ ಕ್ಯಾಟಲಾಗಿನವಳ ತೋಳು ಹಿಡಿದು ಅಡುಗೆಮನೆಗೆ ಕರೆದುಕೊಂಡು ಹೋದರು.

"ಚೀಟಿ ಸಿಕ್ತು ಅಲ್ವಾ? ಬ್ಯಾಗನ್ನ ಹಂಗೆ ಅವುಚಿಕೊಂಡಿದೀಯಲ್ಲ. ಫೋಟೋಗೆ ಅಂತ ನಿನ್ನ ಕಳಿಸಬಾರದಾಗಿತ್ತು."

"ನಿಮಗೆ ಗೊತ್ತಿತ್ತಾ ಅತ್ತಿಗೆ?"

"ಆರು ವರ್ಷದಿಂದ. ಹಳೇ ಡಬ್ಬಿ ಬದಲಾಯಿಸೋವಾಗ ಮುಚ್ಚಳದ ಒಳಗೆ ಅಂಟಿಕೊಂಡಿತ್ತಂತೆ. ಅವತ್ತು ತಟ್ಟೆ ಮುಟ್ಲಿಲ್ಲ. ಅಜ್ಜಿ ಬರೋ ಪ್ರತಿ ಸೋಮವಾರ, ಇವತ್ತು ಹೇಳ್ಬಿಡ್ತೀನಿ ಅಂತ ಚಪ್ಪಲಿ ಮೆಟ್ಟೋರು. ಸಂಜೆ ಬಂದು, ಕಣ್ಣು ಮುಚ್ಚಿಕೊಂಡು ಕೇಳ್ತಾ ಕೂತಿದ್ರು ಕಣೇ, ಹೆಂಗೆ ಹೇಳ್ಲಿ ಅನ್ನೋರು." ಅತ್ತಿಗೆ ನಲ್ಲಿಯನ್ನು ಬಿಗಿ ಮಾಡಿದರು, ಅದು ಸೋರುತ್ತಿರಲಿಲ್ಲ. "ಆಸ್ಪತ್ರೇಲಿ ಕೊನೇಲಿ, ತಂಗಿಗೆ ಹೇಳು ಅಂದ್ರು. ಏನು ಹೇಳ್ಬೇಕು ಅಂತ ನಾನು ಕೇಳ್ಲಿಲ್ಲ. ಕೇಳಿದ್ರೆ ಹೇಳ್ಬಿಡೋರು."

ಹೊರಗೆ ಆಟೋ ನಿಂತ ಸದ್ದಾಯಿತು. ಮೊಮ್ಮಗಳ ಕೈಹಿಡಿದು ಹೆಡ್‌ಫೋನ್ ಅಜ್ಜಿ ಬಂದಳು. ಎಂಬತ್ತೆರಡು ದಾಟಿದ ಜೀವ. ಯಾರೋ ಕುರ್ಚಿ ತಂದರೆ ಬೇಡವೆಂದು ಕೈಯಾಡಿಸಿ, ಕಿವಿಯಣ್ಣನ ತಲೆಯ ಪಕ್ಕ ನೆಲದ ಮೇಲೆಯೇ ಕೂತಳು.

"ನನ್ನ ತಾಯೀನ ನಂಗೆ ಕೊಟ್ಟೋನು ನೀನು," ಅಂದಳು, ಮಲಗಿದ ಮಗನನ್ನು ಎಬ್ಬಿಸಬಾರದೆಂಬ ಹಾಗೆ. "ನಂಗೆ ಬೇರೇನು ಗೊತ್ತು? ಇದೊಂದೇ."

ಪದ್ಯ ಎತ್ತಿಕೊಂಡಳು.

ಕಂಠ ನಡುಗುತ್ತಿತ್ತು, ನಡೆ ಮಾತ್ರ ತಪ್ಪಲಿಲ್ಲ. ಮಗು ನಿದ್ದೆಹೋಯಿತು, ದೀಪ ಸಣ್ಣಗಾಯಿತು, ತೊಟ್ಟಿಲು ತೂಗುತ್ತಲೇ ಇತ್ತು. ಆಮೇಲೆ ಒಂದು ಸಾಲಿನ ನಡುವೆ, ಪದ ಅರ್ಧವಾಗಿದ್ದಾಗ, ಅಜ್ಜಿ ನಿಂತಳು.

ಕೋಣೆಯಲ್ಲಿದ್ದವರೆಲ್ಲ ಅವಳತ್ತ ನೋಡಿದರು. ಮರೆತಿರಬೇಕೆಂದು ಸರ್ವರಿನವನು ನೀರಿನ ಲೋಟ ಹಿಡಿದು ಮುಂದೆ ಬಂದ. ಅಡುಗೆಮನೆಯ ಬಾಗಿಲಿನಿಂದ ಕ್ಯಾಟಲಾಗಿನವಳು ಬೇಡವೆಂದು ಸನ್ನೆ ಮಾಡಿದಳು. ಅಜ್ಜಿ ಮರೆತಿರಲಿಲ್ಲ. ಆ ಮನೆಯಲ್ಲಿ ಯಾರಿಗೂ ಕೇಳದ ಗಂಟೆ ಮುಗಿಯಲೆಂದು ತಲೆಬಾಗಿ ಕಾಯುತ್ತಿದ್ದಳು. ಯಾವುದೋ ಶಾಲೆಯ ಕೋಣೆಯಲ್ಲಿ, ಪೊರಕೆ ಗೋಡೆಗೆ ಒರಗಿಸಿಟ್ಟು, ಇನ್ನೊಬ್ಬಾಕೆ ಕಾದಿದ್ದಷ್ಟೇ ಹೊತ್ತು.

"ನೋಡ್ದೆಯಾ?" ಅತ್ತಿಗೆಯ ಪಿಸುಮಾತು. "ಇದನ್ನ ಕಿತ್ಕೋತೀಯಾ ನೀನು? ಇನ್ನೆಷ್ಟು ದಿನ ಅವರಿಗೆ? ಅವರು ಹೋಗೋ ತನಕ ಸುಮ್ನಿದ್ದುಬಿಡು. ಆ ಕಸ ಗುಡಿಸೋಳ ಕಡೆಯಿಂದ ಯಾರಾದ್ರೂ ಬಂದು ಕೇಳ್ತಾರಾ?"

"ಯಾರೂ ಬರಲ್ಲ ಅತ್ತಿಗೆ. ಅದಕ್ಕೇ ಅವಳ ಹೆಸರು ಬರೀಬೇಕು."

"ನಿಮ್ಮಣ್ಣನ ಮುಖ ನೋಡಿಯಾದ್ರೂ. ಚೀಟಿ ಇಲ್ಲಿ ಕೊಡು."

ಅತ್ತಿಗೆ ಅಂಗೈ ಚಾಚಿದರು. ನೀರಲ್ಲಿ ನೆನೆದು ಸುಕ್ಕಾದ ಅಂಗೈ.

ನಡುಕೋಣೆಯಲ್ಲಿ ಗಂಟೆ ಮುಗಿದಿರಬೇಕು. ಅಜ್ಜಿ ತಲೆಯೆತ್ತಿ, ಬಿಟ್ಟ ಅಕ್ಷರದಿಂದಲೇ ಪದ್ಯ ಹಿಡಿದಳು.

ಕ್ಯಾಟಲಾಗಿನವಳು ಆ ಅಂಗೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದು ಮೆಲ್ಲಗೆ ಮಡಚಿದಳು.

"ಇಲ್ಲ ಅತ್ತಿಗೆ," ಅಂದಳು. "ಕೊಡಲ್ಲ."