ಮೇಣದ ಬಿಲ್ಲೆಯನ್ನು ಗಂಗೆಗೆ ಬಿಡಬೇಡಿ

2008ರ ಮಾಘ ಮಾಸ. ಕಾಶಿಯ ಹನುಮಾನ್ ಘಾಟ್‌ನಲ್ಲಿ ಕರ್ನಾಟಕದ ಯಾತ್ರಿಕರಿಗೆ ಶ್ರಾದ್ಧ ಮಾಡಿಸುತ್ತಿದ್ದ ಬಾಲಚಂದ್ರ ಭಟ್ಟರಿಗೆ ಮಂತ್ರದ ನಡುವೆಯೇ ಫಿಟ್ಸ್ ಬಂತು. ಮಿದುಳಿನಲ್ಲಿ ಗೆಡ್ಡೆ ಇತ್ತು. ಆಪರೇಷನ್ ಆಗಿ ಹತ್ತನೇ ದಿನ ಮನೆಗೆ ಬಂದರು.

ಆಸ್ಪತ್ರೆಯವರು ವರದಿಯ ಜೊತೆ ಗಾಜಿನ ಸ್ಲೈಡುಗಳನ್ನೂ ಬೆಂಕಿಪೊಟ್ಟಣದಷ್ಟು ದೊಡ್ಡ ಮೇಣದ ಬಿಲ್ಲೆಯನ್ನೂ ಕೊಟ್ಟಿದ್ದರು. ಗೆಡ್ಡೆಯ ಚೂರು ಆ ಮೇಣದೊಳಗಿದೆ ಎಂದು ಗೊತ್ತಾದಾಗ ಅಣ್ಣ ನರಸಿಂಹ ಭಟ್ಟರು ಅದನ್ನು ದೊನ್ನೆಯಲ್ಲಿಟ್ಟು, ಎಳ್ಳು ದರ್ಭೆ ಹಾಕಿ, ನದಿಗೆ ಹೊರಟರು.

ಬಾಲಚಂದ್ರರ ಹೆಂಡತಿ ಕೌಸಲ್ಯಾ ಅಷ್ಟರಲ್ಲಿ ಡಾ. ಪ್ರಾರ್ಥನಾಗೆ ಫೋನ್ ಮಾಡಿದ್ದರು. ಆಕೆ ದಾವಣಗೆರೆಯವರು, ಕಾಶಿಯದೇ ಲಂಕಾ ಬಡಾವಣೆಯ ಲ್ಯಾಬೊಂದರಲ್ಲಿ ಅಂಗಾಂಶ ಪರೀಕ್ಷಿಸುವ ವೈದ್ಯೆ. ಆಟೋ ಇಳಿದು ಬಂದವರಿಗೆ ನರಸಿಂಹ ಭಟ್ಟರು ಹೊಸ್ತಿಲಲ್ಲೇ ಸಿಕ್ಕರು.

"ದೇಹದಿಂದ ಬೇರೆಯಾದದ್ದು ಗಂಗೆಗೇ ಸೇರಬೇಕಮ್ಮ. ಕಾಶಿಯಲ್ಲಿದ್ದೂ ಇಷ್ಟು ಮಾಡದಿದ್ದರೆ ಹೇಗೆ?"

"ಅಣ್ಣ ನನ್ನನ್ನ ಕಂತಿನ ಮೇಲೆ ವಿಸರ್ಜನೆ ಮಾಡ್ತಿದ್ದಾನೆ ಡಾಕ್ಟ್ರೇ," ಎಂದರು ಮಂಚದಿಂದ ಬಾಲಚಂದ್ರ.

"ನೀನು ಸುಮ್ಮನಿರೋ!"

ಪ್ರಾರ್ಥನಾ ವರದಿ ಓದಿದರು. "ಇದರ ಕೊನೆಯ ಸಾಲು ನೋಡಿದ್ರಾ? ಅಪರೂಪದ ಗೆಡ್ಡೆ. ಸೂಕ್ಷ್ಮದರ್ಶಕದಲ್ಲಿ ಎರಡು ಬಗೆಯ ಕೋಶ ಕಂಡಿವೆ. ಯಾವ ಜಾತಿಯದು ಅಂತ ಖಚಿತವಿಲ್ಲ, ಜೀನ್ ಪರೀಕ್ಷೆ ಮಾಡಿಸಿ ಅಂತ ಬರೆದಿದ್ದಾರೆ."

"ತೆಗೆದಾಯ್ತಲ್ಲ. ಇನ್ನು ಅದರ ಜಾತಿ ಕಟ್ಟಿಕೊಂಡು ಏನಾಗಬೇಕು?"

"ಒಂದೇ ಹೆಸರಿನ ಇಬ್ಬರು ಯಾತ್ರಿಕರು ಬಂದರೆ ನೀವು ಗೋತ್ರ ಕೇಳಲ್ವಾ?"

"ಕೇಳದೆ? ಗೋತ್ರ ತಪ್ಪಿದರೆ ಸಂಕಲ್ಪವೇ ತಪ್ಪು."

"ಇಲ್ಲಿ ಚಿಕಿತ್ಸೆ ತಪ್ಪುತ್ತೆ. ಕೆಲವು ಗೆಡ್ಡೆಗಳಲ್ಲಿ ಒಂದನೇ ಮತ್ತು ಹತ್ತೊಂಬತ್ತನೇ ವರ್ಣತಂತುಗಳ ಒಂದೊಂದು ತುಂಡು ಇರೋದಿಲ್ಲ. ಅಂಥವು ಔಷಧಿಗೂ ವಿಕಿರಣಕ್ಕೂ ಹೆಚ್ಚು ಬಗ್ಗುತ್ತವೆ. ಅದನ್ನ ನೋಡೋಕೆ ಈ ಮೇಣದೊಳಗಿನ ಚೂರೇ ಬೇಕು. ಇದು ಹೋದರೆ ಮತ್ತೆ ಇವರ ತಲೆಯನ್ನೇ ತೆರೆಯಬೇಕಾದೀತು."

ಕೌಸಲ್ಯಾ ಭಾವನ ಕೈಯಿಂದ ದೊನ್ನೆ ತೆಗೆದುಕೊಂಡರು. ನರಸಿಂಹ ಭಟ್ಟರು ತಡೆಯಲಿಲ್ಲ.

"ಪರೀಕ್ಷೆ ಮುಗಿದ ಮೇಲಾದರೂ ಬಿಡಬಹುದೇ?" ಎಂದರು.

"ಬೇಡ. ಕಾಯಿಲೆ ಮರಳಿದರೆ ಹೋಲಿಸಿ ನೋಡೋಕೆ ಬೇಕಾಗುತ್ತೆ."

ಬಿಲ್ಲೆ ಜೀನ್ ಪರೀಕ್ಷೆಗೆಂದು ಮುಂಬೈಗೆ ಹೋಯಿತು. ಮೂರು ವಾರಕ್ಕೆ ಉತ್ತರ ಬಂತು: ಎರಡೂ ತುಂಡುಗಳಿಲ್ಲ, ಅಂದರೆ ಚಿಕಿತ್ಸೆಗೆ ಹೆಚ್ಚು ಬಗ್ಗುವ ಗೆಡ್ಡೆ. ರೋಗ ಪೂರ್ತಿ ಹೋಯಿತೆಂದು ಇದರ ಅರ್ಥವಲ್ಲ. ಆದರೆ ಯಾವ ಚಿಕಿತ್ಸೆ ಎಂಬುದು ವೈದ್ಯರಿಗೆ ಸ್ಪಷ್ಟವಾಯಿತು. ಕಾರ್ತಿಕದ ಹೊತ್ತಿಗೆ ಬಾಲಚಂದ್ರ ದಿನಕ್ಕೊಂದು ಶ್ರಾದ್ಧ ಮಾಡಿಸುವಷ್ಟು ಚೇತರಿಸಿಕೊಂಡರು. ಎರಡನೆಯದಕ್ಕೆ ಕೈಹಾಕಿದರೆ ಅಣ್ಣನೇ ಗದರುತ್ತಿದ್ದರು.

ನಿಮ್ಮ ಮನೆಯಲ್ಲಿ ಯಾರಿಗಾದರೂ ಮಿದುಳಿನ ಗೆಡ್ಡೆ ತೆಗೆದಿದ್ದರೆ ವರದಿಯನ್ನು ಕೊನೆಯ ಸಾಲಿನವರೆಗೆ ಓದಿಸಿಕೊಳ್ಳಿ. ಸ್ಲೈಡು, ಮೇಣದ ಬಿಲ್ಲೆ ಎಲ್ಲಿವೆ ಎಂದು ಆಸ್ಪತ್ರೆಯಲ್ಲಿ ವಿಚಾರಿಸಿ. ನಿಮ್ಮ ಕೈಗೆ ಕೊಟ್ಟರೆ ಬಿಸಿಲು ತಾಗದ ತಂಪು ಜಾಗದಲ್ಲಿಡಿ; ಕಾಶಿಯ ಜ್ಯೇಷ್ಠದ ಬಿಸಿಲಿಗೆ ಮೇಣ ಕರಗಬಹುದು. ಜೀನ್ ಪರೀಕ್ಷೆ ಬೇಕೇ ಎಂದು ಚಿಕಿತ್ಸೆ ಶುರುವಾಗುವ ಮೊದಲೇ ವೈದ್ಯರನ್ನು ಕೇಳಿ. ಕೇಳಲು ಸಂಕೋಚ ಬೇಡ.